ಕಟ್ಟು ಬಿಚ್ಚಿದ ಮೇಲಿನ ಸಂಯಮ

ಜಠರದೊಳಗೆ ಬಲೂನು ಇರಿಸಿ ತೂಕ ಇಳಿಸುವ ಚಿಕಿತ್ಸೆಯಲ್ಲಿ ಎರಡು ದಿನಗಳು ಮುಖ್ಯ. ಬಲೂನು ಒಳಹೋಗುವ ದಿನ ಒಂದು, ಅದು ಹೊರಬರುವ ದಿನ ಇನ್ನೊಂದು. ಜಾಹೀರಾತು, ಸಮಾಲೋಚನೆ, ಮನೆಯವರ ಆತಂಕ, ರೋಗಿಯ ಆಸೆ ಎಲ್ಲವೂ ಮೊದಲ ದಿನದ ಸುತ್ತಲೇ ಸುಳಿಯುತ್ತವೆ. ಎರಡನೆಯದನ್ನು ಸಾಮಾನ್ಯವಾಗಿ ಒಂದು ಸಣ್ಣ ಎಂಡೋಸ್ಕೋಪಿ ಎಂದು ಎಣಿಸಿ ಮುಗಿಸಿಬಿಡುತ್ತೇವೆ. ಆದರೆ ನೀತಿಯ ಮತ್ತು ಅಧ್ಯಾತ್ಮದ ಕಣ್ಣಿನಿಂದ ನೋಡಿದರೆ ಭಾರವಾದ ದಿನ ಎರಡನೆಯದೇ. ಆರು ತಿಂಗಳು ಮಿತವಾಗಿ ಉಂಡವರು ತಾವಾಗಿಯೇ ಹಾಗೆ ಉಂಡರೋ, ಬಲೂನು ಹಾಗೆ ಉಣಿಸಿತೋ? ಹೊಟ್ಟೆಯಲ್ಲಿ ಜಾಗವೇ ಇಲ್ಲದಾಗ ತಟ್ಟೆಯನ್ನು ಪಕ್ಕಕ್ಕಿಟ್ಟ ಕೈಯಲ್ಲಿ ಸಂಯಮ ಎಷ್ಟಿತ್ತು? ಬಲೂನು ಹೊರಬಂದ ಮರುದಿನ ಅದೇ ಕೈ ಏನು ಮಾಡಬೇಕು? ಸಂಯಮ ಎಂದರೆ ಏನು, ಅದು ಹೊರಗಿನಿಂದ ಬರಬಲ್ಲದೇ ಎಂಬ ಹಳೆಯ ಪ್ರಶ್ನೆ ಇಲ್ಲಿ ಒಂದು ಸಿಲಿಕೋನ್ ವಸ್ತುವಿನ ರೂಪದಲ್ಲಿ ಮತ್ತೆ ಎದುರಾಗುತ್ತದೆ. ನಾನು ಹೇಳಬೇಕೆಂದಿರುವುದು ಇಷ್ಟು: ಹೊರಗಿನ ಕಟ್ಟಿನಿಂದ ಬಂದ ಮಿತಿಯನ್ನು ಸುಳ್ಳೆಂದು ತಳ್ಳುವಂತಿಲ್ಲ, ಅದನ್ನೇ ಸಂಯಮವೆಂದು ಕರೆಯುವಂತೆಯೂ ಇಲ್ಲ. ಅದು ಸಂಯಮ ಬೇರೂರಲು ಸಿಕ್ಕ ಒಂದು ಅವಧಿ. ಆ ಅವಧಿ ಹೇಗೆ ಮುಗಿಯುತ್ತದೆ ಎಂಬುದೂ ಸಾಧನೆಯ ಭಾಗವೇ ಎಂದು ನಮ್ಮ ವ್ರತಪರಂಪರೆಗಳು ಬಹಳ ಹಿಂದೆಯೇ ಅರಿತಿದ್ದವು. ಬಲೂನು ಚಿಕಿತ್ಸೆ ಆ ಅರಿವನ್ನು ಇನ್ನೂ ತನ್ನದಾಗಿಸಿಕೊಳ್ಳಬೇಕಾಗಿದೆ.

ಈ ಚಿಕಿತ್ಸೆಯ ಮೂಲ ಕಲ್ಪನೆ ಹುಟ್ಟಿದ್ದು ಒಂದು ಕಾಯಿಲೆಯಿಂದ. ನುಂಗಿದ ಕೂದಲು ಅಥವಾ ಕರಗದ ನಾರು ಜಠರದಲ್ಲಿ ಗಂಟುಗಟ್ಟಿ ಉಳಿದುಬಿಡುವುದುಂಟು. ವೈದ್ಯರು ಇದನ್ನು ಬೆಝೋರ್ ಎನ್ನುತ್ತಾರೆ. ಇಂಥ ಗಂಟು ಇರುವವರಿಗೆ ಸ್ವಲ್ಪ ಉಂಡರೂ ಹೊಟ್ಟೆ ತುಂಬಿದಂತಾಗುತ್ತದೆ, ತೂಕ ಇಳಿಯುತ್ತದೆ. ಹಾಗಾದರೆ ಅಪಾಯವಿಲ್ಲದ ಕೃತಕ ಗಂಟೊಂದನ್ನು ಜಠರದಲ್ಲಿ ಕೆಲಕಾಲ ಇಟ್ಟರೆ ಹೇಗೆ ಎಂಬ ವಿಚಾರವನ್ನು 1982ರಲ್ಲಿ ಡೆನ್ಮಾರ್ಕಿನ ನೀಬೆನ್ ಮತ್ತು ಹಾರ್ಬೋ ಎಂಬ ವೈದ್ಯರು ಲ್ಯಾನ್ಸೆಟ್ ಪತ್ರಿಕೆಯಲ್ಲಿ ಮುಂದಿಟ್ಟರು. 1985ರಲ್ಲಿ ಅಮೆರಿಕದಲ್ಲಿ ಗ್ಯಾರೆನ್-ಎಡ್ವರ್ಡ್ಸ್ ಬಲೂನಿಗೆ ಅನುಮತಿ ಸಿಕ್ಕಿತು. 220 ಮಿಲಿಲೀಟರ್ ಗಾಳಿ ತುಂಬಿದ, ಉರುಳೆಯಾಕಾರದ ಆ ಬಲೂನು ಜಠರದ ಒಳಪದರವನ್ನು ಉಜ್ಜಿ ಹುಣ್ಣು ಮಾಡಿತು. ಕೆಲವರಲ್ಲಿ ತಾನಾಗಿ ಗಾಳಿ ಕಳೆದುಕೊಂಡು ಕೆಳಗಿಳಿದು ಕರುಳನ್ನೇ ಮುಚ್ಚಿತು. ಕೆಲವೇ ವರ್ಷಗಳಲ್ಲಿ ಅದರ ಬಳಕೆ ನಿಂತಿತು. 1987ರಲ್ಲಿ ಫ್ಲೋರಿಡಾದ ಟಾರ್ಪನ್ ಸ್ಪ್ರಿಂಗ್ಸ್‌ನಲ್ಲಿ ತಜ್ಞರು ಸೇರಿ, ಒಳ್ಳೆಯ ಬಲೂನು ನುಣುಪಾಗಿರಬೇಕು, ದ್ರವ ತುಂಬಿರಬೇಕು, ಗಾತ್ರ ಹೊಂದಿಸುವಂತಿರಬೇಕು, ಎಕ್ಸ್‌ರೇಯಲ್ಲಿ ಕಾಣಬೇಕು, ಬೇಗ ಹಾಳಾಗಬಾರದು ಎಂದು ಗೊತ್ತುಮಾಡಿದರು. ಆ ದಾರಿಯಲ್ಲಿ 1990ರ ದಶಕದ ಆರಂಭದಲ್ಲಿ ಬಂದ ಗುಂಡನೆಯ ಸಿಲಿಕೋನ್ ಬಲೂನು ಇಂದು ಓರ್ಬೆರಾ ಎಂಬ ಹೆಸರಿನಲ್ಲಿ ಪರಿಚಿತ. ಅಮೆರಿಕದಲ್ಲಿ ಅದಕ್ಕೆ 2015ರಲ್ಲಿ ಅನುಮತಿ ದೊರೆಯಿತು, ದೇಹತೂಕದ ಸೂಚ್ಯಂಕ (ಬಿಎಂಐ) 30ರಿಂದ 40ರ ನಡುವೆ ಇರುವವರಿಗಾಗಿ. ತಜ್ಞರು ಅಂದು ಮಾಡಿದ ಪಟ್ಟಿ ಬಲೂನು ಹೇಗಿರಬೇಕು ಎಂಬುದನ್ನು ಚೆನ್ನಾಗಿಯೇ ಹೇಳಿತು. ಬಲೂನು ಹೊರಬಂದ ಮೇಲೆ ಮನುಷ್ಯ ಹೇಗಿರಬೇಕು ಎಂಬುದು ವಸ್ತುವಿನ ಪಟ್ಟಿಯಲ್ಲಿ ಬರುವ ಸಂಗತಿಯಲ್ಲ. ಆ ಪ್ರಶ್ನೆ ಬೇರೆ ಯಾರಾದರೂ ಕೇಳಬೇಕಾದದ್ದು.

ಬಲೂನನ್ನು ತೆಗೆಯಲೇಬೇಕು ಎಂಬುದು ಈ ಚಿಕಿತ್ಸೆಯ ವೈಶಿಷ್ಟ್ಯ. ಸುಮಾರು 400ರಿಂದ 700 ಮಿಲಿಲೀಟರ್ ಸಲೈನ್ ತುಂಬಿಕೊಂಡು ಜಠರದಲ್ಲಿ ತೇಲುವ ಓರ್ಬೆರಾದಂಥ ಬಲೂನಿನ ಆಯುಸ್ಸು ಆರು ತಿಂಗಳು. ಅದಕ್ಕೂ ಮೀರಿದರೆ ಜಠರದ ಆಮ್ಲ ಗೋಡೆಯನ್ನು ಸವೆಸಿ ಬಲೂನು ಸೋರಬಹುದು, ಕುಗ್ಗಿ ಕರುಳಿಗೆ ಜಾರಬಹುದು. ಸೋರಿದ್ದು ತಿಳಿಯಲೆಂದು ಹಲವೆಡೆ ಸಲೈನಿಗೆ ನೀಲಿ ಬಣ್ಣ ಬೆರೆಸುತ್ತಾರೆ. ಮೂತ್ರ ನೀಲಿಯೋ ಹಸಿರೋ ಆದರೆ ಕೂಡಲೇ ಆಸ್ಪತ್ರೆಗೆ ಬರಬೇಕು. ತೆಗೆಯುವ ಕೆಲಸವೂ ಹಗುರವಲ್ಲ. ಬಲೂನು ಇರುವ ಜಠರ ನಿಧಾನವಾಗಿ ಖಾಲಿಯಾಗುತ್ತದೆ. ಹಾಗಾಗಿ ಒಂದು ರಾತ್ರಿಯ ಉಪವಾಸ ಸಾಲದೆ, ಮೊದಲಿನ ಒಂದೆರಡು ದಿನ ದ್ರವಾಹಾರ ಮಾತ್ರ ಎಂದು ಹೇಳುವುದು ರೂಢಿ. ಹೊಟ್ಟೆಯಲ್ಲಿ ಆಹಾರ ಉಳಿದಿದ್ದರೆ ಅದು ಮೇಲೆ ಬಂದು ಶ್ವಾಸಕೋಶಕ್ಕೆ ಇಳಿಯುವ ಅಪಾಯವಿದೆ. ಈ ಕಾರಣಕ್ಕೆ ಅನೇಕ ಕಡೆ ಅರಿವಳಿಕೆ ಕೊಟ್ಟು, ಶ್ವಾಸನಾಳಕ್ಕೆ ಕೊಳವೆ ಹಾಕಿ ಭದ್ರಪಡಿಸಿಯೇ ಮುಂದುವರಿಯುತ್ತಾರೆ. ಎಂಡೋಸ್ಕೋಪಿನ ಮೂಲಕ ಸೂಜಿ ಇಳಿಸಿ ಬಲೂನನ್ನು ಚುಚ್ಚಿ, ಒಳಗಿನ ದ್ರವವನ್ನು ಪೂರ್ತಿ ಹೀರಿ ತೆಗೆದು, ಕುಗ್ಗಿದ ಚೀಲವನ್ನು ಇಕ್ಕಳದಿಂದ ಹಿಡಿದು ಅನ್ನನಾಳದ ಮೂಲಕ ಮೇಲಕ್ಕೆಳೆಯಬೇಕು. ದ್ರವ ಉಳಿದಿದ್ದರೆ ಗಂಟಲಿನ ಹತ್ತಿರ ಸಿಕ್ಕಿಕೊಳ್ಳುತ್ತದೆ. ಅವಸರದಲ್ಲಿ ಎಳೆದರೆ ಅನ್ನನಾಳ ಹರಿಯಬಹುದು. ಇಷ್ಟು ಎಚ್ಚರ ಬೇಡುವ ಈ ಕೆಲಸ ಮುಗಿದ ಗಳಿಗೆಯಲ್ಲಿ ಆರು ತಿಂಗಳಿಂದ ಜೊತೆಗಿದ್ದ ತಡೆ ಇಲ್ಲವಾಗುತ್ತದೆ. ಜಠರ ಮೊದಲಿನಂತೆ ಖಾಲಿಯಾಗತೊಡಗುತ್ತದೆ, ಹಸಿವು ಮರಳುತ್ತದೆ.

ಮರಳಿದ ಹಸಿವಿನ ಮುಂದೆ ಏನಾಗುತ್ತದೆ ಎಂಬುದಕ್ಕೆ ಸಾಕಷ್ಟು ಪುರಾವೆ ಇದೆ. ಓರ್ಬೆರಾಗೆ ಅಮೆರಿಕದಲ್ಲಿ ಅನುಮತಿ ದೊರಕಿಸಿಕೊಟ್ಟ ಅಧ್ಯಯನದಲ್ಲಿ ಬಲೂನು ಪಡೆದವರು ಆರು ತಿಂಗಳಲ್ಲಿ ದೇಹತೂಕದ ಸರಾಸರಿ ಶೇಕಡಾ 10.2ರಷ್ಟು ಕಳೆದುಕೊಂಡರು. ಬಲೂನಿಲ್ಲದೆ ಜೀವನಕ್ರಮ ಬದಲಿಸಿಕೊಂಡವರು ಕಳೆದುಕೊಂಡದ್ದು ಶೇಕಡಾ 3.3. ಬಲೂನು ತೆಗೆದ ಮೂರು ತಿಂಗಳ ನಂತರ ಮೊದಲ ಗುಂಪಿನ ಇಳಿಕೆ ಶೇಕಡಾ 9.1ಕ್ಕೆ ಬಂದಿತ್ತು. ಇದು ತೀರ ಸಣ್ಣ ಹಿಂಜಾರು. ಆದರೆ ಕಾಲ ಉದ್ದವಾದಂತೆ ಹಿಂಜಾರು ದೊಡ್ಡದಾಗುತ್ತದೆ. ಗ್ರೀಸಿನಲ್ಲಿ ಐದು ವರ್ಷ ಬೆನ್ನುಹತ್ತಿ ನಡೆಸಿ 2012ರಲ್ಲಿ ಪ್ರಕಟಿಸಿದ ಅಧ್ಯಯನವೊಂದರಲ್ಲಿ, ಬಲೂನು ತೆಗೆಯುವಾಗ ಹೆಚ್ಚಿನವರು ಗುರಿ ಮುಟ್ಟಿದ್ದರೂ ಕೊನೆಗೆ ಆ ಮಟ್ಟದಲ್ಲಿ ನಿಂತವರು ಸುಮಾರು ಕಾಲುಭಾಗ ಮಾತ್ರ. ಇನ್ನೊಂದು ಅಧ್ಯಯನ ನಮ್ಮ ಪ್ರಶ್ನೆಗೆ ಇನ್ನೂ ಹತ್ತಿರದ್ದು. ಆಮ್‌ಸ್ಟರ್‌ಡ್ಯಾಮಿನಲ್ಲಿ ನಡೆದು 2005ರಲ್ಲಿ ಪ್ರಕಟವಾದ ಆ ಪರೀಕ್ಷೆಯ ಮೊದಲ ಮೂರು ತಿಂಗಳು, ಕೆಲವರಿಗೆ ನಿಜವಾದ ಬಲೂನು, ಕೆಲವರಿಗೆ ಬಲೂನಿಲ್ಲದ ಬರಿಯ ಎಂಡೋಸ್ಕೋಪಿ. ಯಾರಿಗೆ ಯಾವುದು ಎಂದು ಅವರಿಗೇ ತಿಳಿಯದು. ಎರಡೂ ಗುಂಪಿಗೆ ಆಹಾರ, ವ್ಯಾಯಾಮ, ನಡವಳಿಕೆಯ ಮಾರ್ಗದರ್ಶನ ಸಮಾನವಾಗಿತ್ತು. ಆ ಮೂರು ತಿಂಗಳಲ್ಲಿ ಬಲೂನಿನಿಂದಲೇ ಆದ ಹೆಚ್ಚುವರಿ ಪ್ರಯೋಜನವನ್ನು ತೋರಿಸಲಾಗಲಿಲ್ಲ. ಆದರೆ ಬಲೂನು ಬದಲಿಸುತ್ತ ನಡೆಸಿದ ಒಂದು ವರ್ಷದ ಚಿಕಿತ್ಸೆ ಮತ್ತು ಬಲೂನಿಲ್ಲದ ಇನ್ನೊಂದು ವರ್ಷದ ನಂತರ, ಹೆಚ್ಚುಕಡಿಮೆ ಅರ್ಧದಷ್ಟು ಜನ ಶೇಕಡಾ 10ಕ್ಕಿಂತ ಹೆಚ್ಚಿನ ಇಳಿಕೆಯನ್ನು ಉಳಿಸಿಕೊಂಡಿದ್ದರು. ಈ ಅಂಕಿಗಳನ್ನು ಒಟ್ಟಿಗೆ ಓದಿದರೆ ತೋರುವುದು ಇದು: ವಸ್ತುವಿನ ಬಲ ವಸ್ತು ಇರುವತನಕ. ಉಳಿಯುವುದು ಅದರ ಜೊತೆಗೆ ಕಲಿತದ್ದು, ಅದರ ನಂತರ ಸಿಕ್ಕ ಆಸರೆ.

ಇಂಥ ಸ್ಥಿತಿಯನ್ನು ಭಗವದ್ಗೀತೆಯ ಎರಡನೆಯ ಅಧ್ಯಾಯ ಬಲು ಸೂಕ್ಷ್ಮವಾಗಿ ಗುರುತಿಸಿದೆ. ಆಹಾರ ಬಿಟ್ಟವನಿಂದ ವಿಷಯಗಳು ದೂರವಾಗುತ್ತವೆ, ರುಚಿಯ ಸೆಳೆತ ಮಾತ್ರ ಒಳಗೇ ಉಳಿಯುತ್ತದೆ ಎಂಬುದು ಅಲ್ಲಿನ ವಿಚಾರ. ಸ್ಥಿತಪ್ರಜ್ಞನ ಲಕ್ಷಣ ಹೇಳುವ ಸಂದರ್ಭದಲ್ಲಿ ಈ ಮಾತು ಬರುವುದು ಗಮನಿಸಬೇಕಾದದ್ದು. ಉಪವಾಸವನ್ನು ಗೀತೆ ಅಲ್ಲಿ ನಿಂದಿಸುವುದಿಲ್ಲ, ಅದರ ಎಲ್ಲೆ ಎಲ್ಲಿದೆ ಎಂದು ತೋರಿಸುತ್ತದೆ. ದಕ್ಷಿಣ ಆಫ್ರಿಕದ ಟಾಲ್‌ಸ್ಟಾಯ್ ಫಾರ್ಮ್‌ನಲ್ಲಿ ಉಪವಾಸದ ಪ್ರಯೋಗ ನಡೆಸಿದ ಗಾಂಧೀಜಿ ತಮ್ಮ ಆತ್ಮಕಥೆಯಲ್ಲಿ ಇದೇ ಶ್ಲೋಕವನ್ನು ನೆನೆದು, ದೇಹದ ಉಪವಾಸಕ್ಕೆ ಮನಸ್ಸಿನ ಉಪವಾಸ ಜೊತೆಗೂಡದಿದ್ದರೆ ಅದು ಕೇಡಿನಲ್ಲೇ ಕೊನೆಯಾಗುತ್ತದೆ ಎಂಬ ತೀರ್ಮಾನಕ್ಕೆ ಬಂದರು. ಜೈನಶಾಸ್ತ್ರ ಈ ಭೇದವನ್ನು ಇನ್ನೂ ಕ್ರಮಬದ್ಧವಾಗಿ ಹೇಳುತ್ತದೆ. ತತ್ತ್ವಾರ್ಥಸೂತ್ರದ ಒಂಬತ್ತನೆಯ ಅಧ್ಯಾಯ ತಪಸ್ಸನ್ನು ಬಾಹ್ಯ, ಆಭ್ಯಂತರ ಎಂದು ಎರಡಾಗಿ ವಿಂಗಡಿಸುತ್ತದೆ. ಉಪವಾಸ, ಹೊಟ್ಟೆ ತುಂಬುವ ಮೊದಲೇ ನಿಲ್ಲಿಸುವ ಅವಮೋದರ್ಯ, ರಸಪರಿತ್ಯಾಗ ಇವೆಲ್ಲ ಬಾಹ್ಯ ತಪಸ್ಸಿನಲ್ಲಿ ಬರುತ್ತವೆ. ಪ್ರಾಯಶ್ಚಿತ್ತ, ವಿನಯ, ಸೇವೆ, ಸ್ವಾಧ್ಯಾಯ, ತ್ಯಾಗಭಾವ, ಧ್ಯಾನ ಆಭ್ಯಂತರದಲ್ಲಿ. ಕಠಿಣವಾದ ಉಪವಾಸಗಳಿಗೆ ಹೆಸರಾದ ಪರಂಪರೆಯೇ ಉಪವಾಸವನ್ನು ಹೊರಗಿನ ತಪಸ್ಸೆಂದು ಕರೆದಿದೆ. ಹೀಗೆ ನೋಡಿದಾಗ ಬಲೂನಿನ ಆರು ತಿಂಗಳು ಕೆಳಮಟ್ಟದ ಸಂಗತಿಯಾಗಿ ಕಾಣುವುದಿಲ್ಲ. ಅದಕ್ಕೆ ಅದರದೇ ಜಾಗವಿದೆ, ಹೊರಗಿನ ಜಾಗ.

ಇಲ್ಲಿ ಮೊದಲ ಆಕ್ಷೇಪ ಏಳುತ್ತದೆ. ಉಪವಾಸ ಮಾಡುವವರು ಊಟ ಎದುರಿಗಿದ್ದರೂ ಬೇಡವೆನ್ನುತ್ತಾರೆ, ಬಲೂನು ಇರಿಸಿಕೊಂಡವರು ಬೇಕೆಂದರೂ ಉಣ್ಣಲಾರರು. ಒಂದು ಆಯ್ಕೆ, ಇನ್ನೊಂದು ಅಡಚಣೆ. ಇವೆರಡನ್ನು ಒಂದೇ ತಕ್ಕಡಿಯಲ್ಲಿ ತೂಗುವುದು ಸರಿಯೇ? ಆಕ್ಷೇಪದಲ್ಲಿ ಸತ್ಯವಿದೆ, ಪೂರ್ತಿ ಸತ್ಯವಿಲ್ಲ. ಬಲೂನು ಇರಿಸಿಕೊಳ್ಳಲು ಒಪ್ಪಿದ್ದು, ಮೊದಲ ದಿನಗಳ ವಾಕರಿಕೆ, ವಾಂತಿ, ಹೊಟ್ಟೆನೋವನ್ನು ಸಹಿಸಿದ್ದು ಆಯ್ಕೆಯೇ. ಬೇಕೆಂದರೆ ಸಿಹಿಪಾನೀಯ, ಐಸ್‌ಕ್ರೀಮಿನಂಥ ದ್ರವಗಳಿಂದ ಬಲೂನನ್ನು ಸುಲಭವಾಗಿ ಮೀರಬಹುದು. ಹಾಗೆ ಮಾಡದಿರುವುದೂ ಆಯ್ಕೆಯೇ. ಅದಕ್ಕಿಂತ ಮುಖ್ಯವಾಗಿ, ಧರ್ಮಪರಂಪರೆಗಳು ಹೊರಗಿನ ನೆರವನ್ನು ಎಂದೂ ಕೀಳಾಗಿ ಕಂಡಿಲ್ಲ. ಸಂಯುತ್ತನಿಕಾಯದಲ್ಲಿ ಕೋಸಲದ ರಾಜ ಪಸೇನದಿಯ ಪ್ರಸಂಗವೊಂದಿದೆ. ಕೊಳಗದಷ್ಟು ಅನ್ನ ಉಂಡು ಏದುಸಿರು ಬಿಡುತ್ತ ಬಂದ ರಾಜನಿಗೆ ಬುದ್ಧ ಊಟದಲ್ಲಿ ಅಳತೆ ಅರಿತವನ ಒಳಿತನ್ನು ಕುರಿತು ಒಂದು ಪದ್ಯ ಹೇಳಿದ. ರಾಜ ತನ್ನನ್ನೇ ನಂಬಿ ಕೂರಲಿಲ್ಲ. ಹಿಂದೆ ನಿಂತಿದ್ದ ಸುದಸ್ಸನನೆಂಬ ಯುವಕನಿಗೆ ಆ ಪದ್ಯವನ್ನು ಕಲಿತು ಪ್ರತಿ ಊಟದ ಹೊತ್ತಿಗೂ ಹೇಳುವಂತೆ ಆಜ್ಞಾಪಿಸಿ, ದಿನಕ್ಕೆ ನೂರು ಕಹಾಪಣ ಸಂಬಳ ಗೊತ್ತುಮಾಡಿದ. ಕ್ರಮೇಣ ಅವನ ಊಟ ಒಂದು ನಾಳಿ ಅನ್ನಕ್ಕೆ ಇಳಿಯಿತು, ಮೈ ಹಗುರಾಯಿತು. ರಾಜನ ಸಂಯಮ ಆರಂಭವಾದದ್ದು ಸಂಬಳಕ್ಕೆ ನೇಮಿಸಿದ ಇನ್ನೊಬ್ಬನ ದನಿಯಿಂದ. ಬೌದ್ಧ ಪರಂಪರೆ ಅದನ್ನು ಮೋಸವೆನ್ನಲಿಲ್ಲ. ಆದರೆ ಆ ದನಿಗೂ ಬಲೂನಿಗೂ ಒಂದು ವ್ಯತ್ಯಾಸವಿದೆ, ಅದನ್ನು ಮರೆಯಬಾರದು. ಸುದಸ್ಸನನ ಪದ್ಯ ಪ್ರತಿ ಊಟದಲ್ಲೂ ರಾಜನ ಅರಿವನ್ನು ಎಚ್ಚರಿಸುತ್ತಿತ್ತು. ಬಲೂನು ಅರಿವಿನ ಹಂಗಿಲ್ಲದೆಯೇ ಕೆಲಸ ಮಾಡಬಲ್ಲದು. ಈ ಕಾರಣದಿಂದ ಅರಿವಿನ ಭಾಗವನ್ನು ಬೇರೆಯಾಗಿ, ಉದ್ದೇಶಪೂರ್ವಕವಾಗಿ ಕೂಡಿಸಬೇಕಾಗುತ್ತದೆ. ನಿಧಾನವಾಗಿ ಅಗಿಯುವುದು, ಹೊಟ್ಟೆ ತುಂಬಿತೆಂಬ ಸೂಚನೆಯನ್ನು ಗುರುತಿಸುವುದು, ಬೇಸರದ ಹಸಿವನ್ನು ನಿಜವಾದ ಹಸಿವಿನಿಂದ ಬೇರ್ಪಡಿಸುವುದು ಬಲೂನು ಒಳಗಿರುವಾಗಲೇ ಕಲಿಯಬೇಕಾದ ಪಾಠಗಳು.

ಈ ಕೂಡಿಸುವಿಕೆ ಎಲ್ಲಿ ಹೆಚ್ಚು ಬೇಕು ಎಂದರೆ ಕೊನೆಯಲ್ಲಿ. ವ್ರತಪರಂಪರೆ ಇಲ್ಲಿ ನಮಗೆ ಬಹಳ ಕಲಿಸಬಲ್ಲದು. ಏಕಾದಶಿಯ ಉಪವಾಸ ಏಕಾದಶಿಯಂದೇ ಮುಗಿಯುವುದಿಲ್ಲ. ಮರುದಿನ ದ್ವಾದಶಿಯಂದು ಉಪವಾಸ ಬಿಡುವ ಪಾರಣೆಯಲ್ಲಿ ಮುಗಿಯುತ್ತದೆ. ಪಾರಣೆಗೆ ಹೊತ್ತಿದೆ, ಕ್ರಮವಿದೆ, ಕರ್ನಾಟಕದ ಮಾಧ್ವ ಮನೆಗಳಲ್ಲಿ ಅಗಸೆ ಸೊಪ್ಪು, ನೆಲ್ಲಿಕಾಯಿಯಂಥ ಗೊತ್ತಾದ ಪದಾರ್ಥಗಳಿವೆ. ಹೊತ್ತು ತಪ್ಪಿದರೆ ವ್ರತವೇ ಕೆಟ್ಟಂತೆ. ಭಾಗವತದ ಒಂಬತ್ತನೆಯ ಸ್ಕಂಧದಲ್ಲಿ ಅಂಬರೀಷ ರಾಜನ ಇಕ್ಕಟ್ಟು ನಿಂತಿರುವುದೇ ಇದರ ಮೇಲೆ. ವರ್ಷದ ವ್ರತ ಮುಗಿಯುವ ಹೊತ್ತಿಗೆ ಅತಿಥಿಯಾಗಿ ಬಂದ ದೂರ್ವಾಸರು ಸ್ನಾನಕ್ಕೆ ಹೋದವರು ಮರಳಲಿಲ್ಲ. ಅತಿಥಿಗಿಂತ ಮೊದಲು ಉಂಡರೆ ತಪ್ಪು, ದ್ವಾದಶಿ ಮೀರಿದರೆ ವ್ರತಭಂಗ. ರಾಜ ಕೊನೆಗೆ ನೀರು ಮಾತ್ರ ಕುಡಿದು ಪಾರಣೆ ಮಾಡಿದ. ಉಪವಾಸವನ್ನು ಮುರಿಯುವ ಒಂದು ಗುಟುಕು ನೀರಿನ ಮೇಲೆ ಪುರಾಣ ಇಷ್ಟು ಗಮನ ಇಟ್ಟಿರುವುದು ಸುಮ್ಮನೆ ಅಲ್ಲ. ಬಿಡುವುದು ಒಂದು ಸಾಧನೆಯಾದರೆ, ಬಿಟ್ಟದ್ದನ್ನು ಮತ್ತೆ ಹಿಡಿಯುವುದು ಇನ್ನೊಂದು. ರಂಜಾನಿನ ಪ್ರತಿ ಸಂಜೆಯ ಇಫ್ತಾರ್ ಖರ್ಜೂರ, ನೀರಿನಿಂದ ಆರಂಭವಾಗುವುದರಲ್ಲೂ ಇದೇ ವಿವೇಕವಿದೆ. ಜೈನರ ಆದಿತೀರ್ಥಂಕರ ವೃಷಭನಾಥನ ಕಥೆ ಇದಕ್ಕೆ ಇನ್ನೊಂದು ಆಯಾಮ ಸೇರಿಸುತ್ತದೆ. ದೀರ್ಘ ಉಪವಾಸದ ನಂತರ ಆಹಾರಕ್ಕೆಂದು ಹೊರಟ ಅವನಿಗೆ ಜನ ಭಕ್ತಿಯಿಂದ ರತ್ನ, ವಾಹನ, ಕನ್ಯೆಯರನ್ನು ಒಪ್ಪಿಸಲು ಬಂದರು. ಮುನಿಗೆ ಉಣಿಸುವ ವಿಧಿ ಯಾರಿಗೂ ಗೊತ್ತಿರಲಿಲ್ಲ. ತಿಂಗಳುಗಟ್ಟಲೆ ಅಲೆದ ಮೇಲೆ ಹಸ್ತಿನಾಪುರದಲ್ಲಿ ರಾಜಕುಮಾರ ಶ್ರೇಯಾಂಸನು ಕಬ್ಬಿನ ಹಾಲು ಕೊಟ್ಟು ಪಾರಣೆ ಮಾಡಿಸಿದ. ಅಕ್ಷಯ ತೃತೀಯೆಯನ್ನು ಜೈನರು ಆಚರಿಸುವುದು ಈ ನೆನಪಿಗಾಗಿ. ಉಪವಾಸ ಮಾಡಿದವರು ಎಷ್ಟೇ ಗಟ್ಟಿಗರಾಗಿರಲಿ, ಸರಿಯಾಗಿ ಬಡಿಸಬಲ್ಲವರು ಸುತ್ತ ಇಲ್ಲದಿದ್ದರೆ ಉಪವಾಸ ದಡ ಮುಟ್ಟುವುದಿಲ್ಲ. ಬಲೂನು ತೆಗೆಸಿಕೊಂಡು ಮನೆಗೆ ಬಂದವರಿಗೆ, ಇನ್ನೇನು ಬಲೂನಿಲ್ಲವಲ್ಲ, ಹೊಟ್ಟೆ ತುಂಬ ಉಣ್ಣಿ ಎಂದು ಪ್ರೀತಿಯಿಂದಲೇ ಒತ್ತಾಯಿಸುವ ಮನೆ, ರತ್ನ ಹಿಡಿದು ನಿಂತ ಆ ಜನರಂತೆಯೇ ಒಳ್ಳೆಯ ಮನಸ್ಸಿನಿಂದ ತಪ್ಪು ಮಾಡುತ್ತದೆ.

ಎರಡನೆಯ ಆಕ್ಷೇಪ ವೈದ್ಯಲೋಕದಿಂದ ಬರುತ್ತದೆ, ಮತ್ತು ಅದು ಮೊದಲಿನದಕ್ಕಿಂತ ಬಲವಾದದ್ದು. ಬೊಜ್ಜು ಒಂದು ಕಾಯಿಲೆ, ಚಾರಿತ್ರ್ಯದ ದೋಷವಲ್ಲ. ವ್ರತ, ಸಂಯಮ, ತಪಸ್ಸು ಎಂದು ಮಾತಾಡಿದರೆ ತೂಕ ಮರಳಿದವರ ತಲೆಯ ಮೇಲೆ ಪಾಪದ ಹೊರೆ ಹೊರಿಸಿದಂತಾಗುವುದಿಲ್ಲವೇ? ಪುರಾವೆ ಈ ಆಕ್ಷೇಪದ ಕಡೆಗಿದೆ. ಎರಡನೆಯ ಮಹಾಯುದ್ಧದ ಕೊನೆಯಲ್ಲಿ, 1944-45ರಲ್ಲಿ, ಮಿನ್ನೆಸೋಟ ವಿಶ್ವವಿದ್ಯಾಲಯದಲ್ಲಿ ಆನ್ಸೆಲ್ ಕೀಸ್ 36 ಮಂದಿಯನ್ನು ಅರೆಹೊಟ್ಟೆಯಲ್ಲಿಟ್ಟು ಅಧ್ಯಯನ ಮಾಡಿದರು. ಅವರೆಲ್ಲ ಯುದ್ಧದಲ್ಲಿ ಕೊಲ್ಲಲು ಒಪ್ಪದವರು, ಹಲವರು ಆಳವಾದ ಧರ್ಮನಿಷ್ಠೆಯಿಂದಲೇ ಆ ನಿಲುವಿಗೆ ಬಂದವರು. ಮನೋಬಲಕ್ಕೆ ಅವರಲ್ಲಿ ಕೊರತೆ ಇರಲಿಲ್ಲ. ಆದರೂ ಕಟ್ಟು ಸಡಿಲಿದಾಗ ಅವರಲ್ಲಿ ಅನೇಕರು ಎಷ್ಟು ಉಂಡರೂ ತಣಿಯದ ಹಸಿವಿಗೆ ಸಿಕ್ಕಿದರು. 2011ರಲ್ಲಿ ಮೆಲ್ಬರ್ನಿನ ಸಂಶೋಧಕರು ತೂಕ ಇಳಿಸಿಕೊಂಡವರ ರಕ್ತವನ್ನು ಪರೀಕ್ಷಿಸಿ, ಹಸಿವನ್ನು ಹೆಚ್ಚಿಸುವ ಮತ್ತು ತಣಿಸುವ ಹಾರ್ಮೋನುಗಳು ಒಂದು ವರ್ಷವಾದರೂ ಹಳೆಯ ಮಟ್ಟಕ್ಕೆ ಬಂದಿರಲಿಲ್ಲ ಎಂದು ತೋರಿಸಿದರು. ದೇಹ ಕಳೆದುಕೊಂಡ ತೂಕವನ್ನು ಮರಳಿ ಕೇಳುತ್ತಲೇ ಇರುತ್ತದೆ. ಇದನ್ನು ಒಪ್ಪಿಕೊಂಡರೆ ನನ್ನ ವಾದ ಬೀಳುವುದಿಲ್ಲ, ಇನ್ನಷ್ಟು ಗಟ್ಟಿಯಾಗುತ್ತದೆ. ಬಲೂನು ತೆಗೆದ ಮೇಲೆ ಹಸಿವು ದ್ವಿಗುಣ ಬಲದಿಂದ ಬರಬಹುದೆಂದು ತಿಳಿದೂ, ಇನ್ನು ನಿಮ್ಮ ಮನೋಬಲ, ನಿಮ್ಮ ಕೈಲಿದೆ ಎಂದು ಕಳಿಸುವುದೇ ನಿಜವಾದ ಹೊರೆ. ಪಾರಣೆಗೆ ವಿಧಿ ಇರುವುದು ಮನುಷ್ಯರು ದುರ್ಬಲರೆಂದು ಬೈಯಲಿಕ್ಕಲ್ಲ. ಆ ಗಳಿಗೆ ಕಷ್ಟದ್ದು ಎಂದು ಒಪ್ಪಿ, ಕೈಹಿಡಿಯಲಿಕ್ಕೆ. ಸಂಯಮವನ್ನು ಒಬ್ಬರ ಗುಣವೆಂದು ಮಾತ್ರ ನೋಡುವ ಕಡೆ ದೂಷಣೆ ಹುಟ್ಟುತ್ತದೆ. ಕಾಲ, ಕ್ರಮ, ಜೊತೆಗಾರರು ಕೂಡಿ ಕಟ್ಟುವ ವ್ಯವಸ್ಥೆಯೆಂದು ನೋಡಿದಾಗ ದೂಷಣೆಗೆ ಜಾಗ ಉಳಿಯುವುದಿಲ್ಲ.

ಹಾಗಾದರೆ ತೆಗೆಯುವುದೇ ಏಕೆ, ಕಟ್ಟನ್ನು ಶಾಶ್ವತವಾಗಿ ಉಳಿಸಬಾರದೇಕೆ ಎಂಬುದು ಮೂರನೆಯ ಆಕ್ಷೇಪ. ಬಲೂನಿನ ಮಟ್ಟಿಗೆ ಉತ್ತರ ಸರಳ, ಆಮ್ಲ ಅದಕ್ಕೆ ಬಿಡುವುದಿಲ್ಲ. ಆದರೆ ಹಸಿವು ತಗ್ಗಿಸುವ ಸೆಮಾಗ್ಲುಟೈಡ್‌ನಂಥ ಚುಚ್ಚುಮದ್ದುಗಳು ಬಂದಿರುವ ಈ ಕಾಲದಲ್ಲಿ ಪ್ರಶ್ನೆ ಜೀವಂತ. ಜೀವನವಿಡೀ ಔಷಧ ತೆಗೆದುಕೊಳ್ಳುವುದರಲ್ಲಿ ನೈತಿಕವಾದ ತಪ್ಪು ನನಗೆ ಕಾಣುವುದಿಲ್ಲ. ಮಧುಮೇಹಕ್ಕೆ ಇನ್ಸುಲಿನ್ ತೆಗೆದುಕೊಳ್ಳುವವರ ಸಂಯಮವನ್ನು ಯಾರೂ ಪ್ರಶ್ನಿಸುವುದಿಲ್ಲ. ಬಲೂನು ತೆಗೆದ ಮೇಲೆ ಅಂಥ ಔಷಧ ಬೇಕಾದರೆ ಅದನ್ನು ಸೋಲೆಂದು ಎಣಿಸಬೇಕಿಲ್ಲ. ಆದರೂ ಕೊನೆಯ ಪ್ರಶ್ನೆಯಿಂದ ಔಷಧವೂ ತಪ್ಪಿಸಿಕೊಳ್ಳಲಾರದು. ಸೆಮಾಗ್ಲುಟೈಡ್ ನಿಲ್ಲಿಸಿದ ಒಂದು ವರ್ಷದಲ್ಲಿ ಇಳಿದ ತೂಕದ ಸುಮಾರು ಮೂರನೇ ಎರಡು ಭಾಗ ಮರಳಿತೆಂದು 2022ರ ಅಧ್ಯಯನ ಹೇಳುತ್ತದೆ. ಖರ್ಚು, ಗರ್ಭಧಾರಣೆ, ಅಡ್ಡಪರಿಣಾಮ, ವಯಸ್ಸು ಹೀಗೆ ನಿಲ್ಲಿಸಬೇಕಾದ ಕಾರಣ ಒಂದಲ್ಲ ಒಂದು ದಿನ ಅನೇಕರಿಗೆ ಬರುತ್ತದೆ. ಬಲೂನುಗಳಲ್ಲೇ ಹೊಸ ಬಗೆಯೊಂದಿದೆ. ಕ್ಯಾಪ್ಸೂಲಿನಂತೆ ನುಂಗಿ ಒಳಗೆ ತುಂಬಿಸಿಕೊಳ್ಳುವ ಅದು ಸುಮಾರು ನಾಲ್ಕು ತಿಂಗಳಿಗೆ ತಾನಾಗಿ ಬಿಚ್ಚಿಕೊಂಡು ಕರುಳಿನ ಮೂಲಕ ಹೊರಹೋಗುತ್ತದೆ. ಎಂಡೋಸ್ಕೋಪಿಯೂ ಬೇಡ, ಅರಿವಳಿಕೆಯೂ ಬೇಡ. ದೇಹಕ್ಕೆ ಇದು ಒಳ್ಳೆಯ ಸುದ್ದಿ. ಆದರೆ ತೆಗೆಯುವ ದಿನವೆಂಬುದು ಇದ್ದಾಗ ರೋಗಿ, ವೈದ್ಯ, ಡಯಟೀಷಿಯನ್ ಒಂದೆಡೆ ಸೇರುವ ನಿಶ್ಚಿತ ಗಳಿಗೆಯೊಂದು ಇತ್ತು. ಅದಿಲ್ಲದೆ ಕಟ್ಟು ಎಂದು ಬಿಚ್ಚಿತೆಂಬುದೇ ಸರಿಯಾಗಿ ತಿಳಿಯದೆ ಹೋಗಬಹುದು. ತಂತ್ರಜ್ಞಾನ ಕೊನೆಯನ್ನು ಸುಲಭ ಮಾಡಿದಷ್ಟೂ ಕೊನೆಯನ್ನು ಬೇಕೆಂದೇ ಗುರುತಿಸುವ ಹೊಣೆ ನಮ್ಮ ಮೇಲೆ ಹೆಚ್ಚಾಗುತ್ತದೆ.

ಇನ್ನೊಂದು ಆಕ್ಷೇಪವನ್ನು ಶ್ರದ್ಧಾವಂತರು ಎತ್ತುತ್ತಾರೆ. ವ್ರತ ದೇವರಿಗಾಗಿ, ಮೋಕ್ಷಕ್ಕಾಗಿ. ಬಲೂನು ದೇಹಕ್ಕಾಗಿ, ಹಲವು ಸಲ ಬರಿಯ ಅಂದಕ್ಕಾಗಿ. ಪಾರಣೆಯ ಮಾತನ್ನು ಇಲ್ಲಿಗೆ ತಂದರೆ ಪವಿತ್ರವಾದದ್ದು ಅಗ್ಗವಾಗುವುದಿಲ್ಲವೇ? ಅಂದಕ್ಕಾಗಿ ಮಾತ್ರ ಬಲೂನು ಇರಿಸಿಕೊಳ್ಳುವುದನ್ನು ನಾನೂ ಒಪ್ಪಲಾರೆ. ದ್ರವ ತುಂಬಿದ ಬಲೂನುಗಳಿಗೆ ಸಂಬಂಧಿಸಿ 2016ರಿಂದ 2018ರ ಜೂನ್‌ವರೆಗೆ ಜಗತ್ತಿನ ಬೇರೆಬೇರೆ ಕಡೆಗಳಿಂದ 12 ಸಾವುಗಳ ವರದಿ ಬಂದಿತ್ತೆಂದು ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ ಎಫ್‌ಡಿಎ ಎಚ್ಚರಿಸಿತ್ತು. ಅಪಾಯ ವಿರಳ, ಆದರೆ ಅಂದದ ಆಸೆಗೆ ಒಡ್ಡಿಕೊಳ್ಳುವಷ್ಟು ಹಗುರವಲ್ಲ. ಉಳಿದಂತೆ, ದೇಹದ ಆರೋಗ್ಯವನ್ನು ಧರ್ಮದಿಂದ ಬೇರ್ಪಡಿಸುವುದು ನಮ್ಮ ಪರಂಪರೆಯ ರೀತಿಯಲ್ಲ. ಚರಕಸಂಹಿತೆ ಅತಿಸ್ಥೌಲ್ಯವನ್ನು, ಅಂದರೆ ಅತಿಯಾದ ಬೊಜ್ಜನ್ನು, ಸೂತ್ರಸ್ಥಾನದಲ್ಲಿ ವಿಸ್ತಾರವಾಗಿ ಚರ್ಚಿಸಿದೆ. ಗೀತೆಯ ಆರನೆಯ ಅಧ್ಯಾಯ ಅತಿಯಾಗಿ ಉಣ್ಣುವವರಿಗೂ ಏನೂ ಉಣ್ಣದವರಿಗೂ ಯೋಗವಿಲ್ಲವೆಂದು ಹೇಳಿ ಮಿತವನ್ನು ನಡುದಾರಿಯಾಗಿ ತೋರಿಸುತ್ತದೆ. ಸ್ಥಿತಪ್ರಜ್ಞರಾಗಲು ಎಲ್ಲರಿಗೂ ಸಾಧ್ಯವಿಲ್ಲದಿದ್ದರೂ ಈ ದಾರಿ ಎಲ್ಲರಿಗೂ ತೆರೆದದ್ದು. ಆದರೆ ಆಕ್ಷೇಪದಲ್ಲಿ ಉಳಿಸಿಕೊಳ್ಳಬೇಕಾದ ತಿರುಳೂ ಇದೆ. ಅಕ್ಕಮಹಾದೇವಿಯ ಪ್ರಸಿದ್ಧ ವಚನವೊಂದರಲ್ಲಿ ಅವಳು ಹಸಿವನ್ನು, ನೀರಡಿಕೆಯನ್ನು, ಕಾಮಕ್ರೋಧಗಳನ್ನು ತಡೆದು ನಿಲ್ಲಿಸುವುದು ಚೆನ್ನಮಲ್ಲಿಕಾರ್ಜುನನ ತುರ್ತು ಕೆಲಸದ ಮೇಲೆ ಹೊರಟವಳೆಂಬ ನೆಲೆಯಿಂದ. ಹಸಿವನ್ನು ನಿಲ್ಲಿಸುವ ಶಕ್ತಿ ಅಲ್ಲಿ ಹಸಿವಿಗಿಂತ ದೊಡ್ಡದೊಂದರ ಕರೆಯಿಂದ ಬಂದಿದೆ. ತೂಕದ ಯಂತ್ರದ ಮೇಲಿನ ಅಂಕಿ ಅಂಥ ಕರೆಯಾಗಲಾರದು. ಮಕ್ಕಳನ್ನು ಬೆಳೆಸಬೇಕು, ಮೆಚ್ಚಿನ ಕೆಲಸಕ್ಕೆ ಮೈ ಒದಗಬೇಕು, ಇನ್ನೊಬ್ಬರ ಸೇವೆಗೆ ಎದ್ದು ನಿಲ್ಲಬೇಕು, ದೇವರ ಧ್ಯಾನಕ್ಕೆ ಕೂರಬೇಕು, ಹೀಗೆ ಏನಾದರೊಂದು ಬೇಕು. ತಾವು ಯಾವುದಕ್ಕಾಗಿ ಹಗುರಾಗಬೇಕು ಎಂಬುದನ್ನು ಬಲೂನು ಒಳಗಿರುವಾಗ ಕಂಡುಕೊಂಡವರಿಗೆ, ಹೊರಬಂದ ಮೇಲೆ ಹಿಡಿದುಕೊಳ್ಳಲು ಏನೋ ಒಂದು ಇರುತ್ತದೆ.

ಹಾಗಾದರೆ ಬಲೂನಿಗೆ ತಕ್ಕ ಪಾರಣೆ ಹೇಗಿರಬೇಕು? ಮೊದಲನೆಯದಾಗಿ, ತೆಗೆದ ನಂತರದ ದಿನಗಳ ಯೋಜನೆ ಬಲೂನು ಇರಿಸುವ ಮೊದಲೇ ಸಿದ್ಧವಾಗಿರಬೇಕು. ವ್ರತದ ಸಂಕಲ್ಪ ಮಾಡುವಾಗಲೇ ಪಾರಣೆಯ ಹೊತ್ತು ಗೊತ್ತಿರುವುದು ಇದೇ ಕಾರಣಕ್ಕೆ. ಕಡೇಪಕ್ಷ ಇನ್ನೊಂದು ವರ್ಷ ನಿಗದಿತ ಭೇಟಿಗಳು, ಆಹಾರದ ಸಲಹೆ, ಮನಸ್ಸಿನ ಆಸರೆ ಚಿಕಿತ್ಸೆಯ ಖರ್ಚಿನಲ್ಲೇ ಸೇರಿರಬೇಕು. ಇವನ್ನು ಬೇಕಾದರೆ ಕೊಳ್ಳಬಹುದಾದ ಹೆಚ್ಚುವರಿ ಸೇವೆಯಾಗಿಸಬಾರದು. ಇವಿಲ್ಲದೆ ಬಲೂನು ಮಾತ್ರ ಮಾರುವುದು ಅರ್ಧ ವ್ರತವನ್ನು ಮಾರಿದಂತೆ. ಎರಡನೆಯದಾಗಿ, ಬಲೂನು ತೆಗೆದ ಮೊದಲ ವಾರಗಳಲ್ಲಿ ಊಟಕ್ಕೆ ಗೊತ್ತಾದ ಕ್ರಮ ಇರಬೇಕು: ಯಾವ ಹೊತ್ತಿಗೆ, ಎಷ್ಟು, ಯಾರ ಜೊತೆ. ಮರಳುವ ಹಸಿವನ್ನು ಹೆದರದೆ, ಬೈಯದೆ ಗುರುತಿಸಲು ಇದು ಆಧಾರ. ಮೂರನೆಯದಾಗಿ, ಮನೆಯವರಿಗೂ ಪಾಠ ಬೇಕು. ಕರ್ನಾಟಕದಲ್ಲಿ ವಯಸ್ಕರಲ್ಲಿ ಹತ್ತಕ್ಕೆ ಸುಮಾರು ಮೂವರ ತೂಕ ಮಿತಿ ಮೀರಿದೆ ಎಂದು 2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆ ಹೇಳುತ್ತದೆ. ಅಂದರೆ ಇದು ಒಬ್ಬರ ತಟ್ಟೆಯ ವಿಷಯವಾಗಿ ಉಳಿದಿಲ್ಲ, ಅಡುಗೆಮನೆಯದ್ದಾಗಿದೆ. ಬಡಿಸುವ ಕೈ ಬದಲಾಗದೆ ಉಣ್ಣುವ ಕೈ ಮಾತ್ರ ಬದಲಾಗಲೆಂದು ಕಾಯುವುದು ನ್ಯಾಯವಲ್ಲ. ಕೊನೆಯದಾಗಿ, ತೂಕ ಮರಳಿದರೆ ನಾಚಿಕೆಯಿಲ್ಲದೆ ವೈದ್ಯರ ಬಳಿ ಮರಳುವಂತಿರಬೇಕು. ಆ ಬಾಗಿಲು ಮುಚ್ಚಿಕೊಂಡರೆ ಕಾಯಿಲೆಗಿಂತ ದೊಡ್ಡ ಗಾಯವನ್ನು ನಾವೇ ಮಾಡಿದಂತಾಗುತ್ತದೆ.

ಇಷ್ಟನ್ನು ಮಾಡಿದರೂ ಎಲ್ಲರ ತೂಕವೂ ನಿಲ್ಲುತ್ತದೆಂಬ ಭರವಸೆಯನ್ನು ಯಾರೂ ಕೊಡಲಾರರು. ದೇಹದ ಬಲ ದೊಡ್ಡದು. ಆದರೆ ಬಲೂನನ್ನು ಅಳೆಯಬೇಕಾದ ಅಳತೆಗೋಲು ಯಾವುದು ಎಂಬುದಂತೂ ಸ್ಪಷ್ಟ. ಒಳಗಿದ್ದ ಆರು ತಿಂಗಳಲ್ಲಿ ಎಷ್ಟು ಕಿಲೋ ಇಳಿಯಿತು ಎಂಬುದು ಬಲೂನಿನ ಸಾಮರ್ಥ್ಯದ ಲೆಕ್ಕ. ಹೊರಬಂದ ಮೇಲೆ ಅವರಲ್ಲಿ ಯಾವ ಅರಿವು ಉಳಿಯಿತು, ಸುತ್ತ ಯಾರು ಉಳಿದರು ಎಂಬುದು ಚಿಕಿತ್ಸೆಯ ಲೆಕ್ಕ. ಹೊರಗಿನ ಕಟ್ಟು ಮನುಷ್ಯರನ್ನು ಸಂಯಮಿಗಳನ್ನಾಗಿ ಮಾಡುವುದಿಲ್ಲ. ಆದರೆ ಕಟ್ಟಿನ ಕಾಲವನ್ನು ಅರಿವಿನಿಂದ ಬಳಸಿ, ಕಟ್ಟು ಬಿಚ್ಚುವ ಗಳಿಗೆಯನ್ನು ವಿಧಿಯಿಂದ ನಡೆಸಿ, ಬಿಚ್ಚಿದ ಮೇಲೆ ಒಂಟಿಯಾಗಿ ಬಿಡದೆ ಜೊತೆ ನಿಂತರೆ, ಹೊರಗಿನದು ಒಳಗಿನದಾಗುವ ದಾರಿ ತೆರೆಯುತ್ತದೆ. ಆ ದಾರಿಯನ್ನು ಸಿದ್ಧವಾಗಿಡುವ ಹೊಣೆ ರೋಗಿಯೊಬ್ಬರದೇ ಅಲ್ಲ. ಬಲೂನು ಇರಿಸಿದವರದು, ತೆಗೆದವರದು, ಮನೆಯಲ್ಲಿ ಬಡಿಸುವವರದು ಕೂಡ.